ಆರುನೂರ ನಲವತ್ತು ಡಿಸ್ಕುಗಳ ನಾಡಿ

ಬೀದರಿನ ನೆನಪಿನ ಕಣಜದಲ್ಲಿ ಮಹಾನಂದಾ ಬೆಲ್ದಾಳೆಗೆ ಇದ್ದ ಕೆಲಸ ಒಂದೇ, ಡಿಸ್ಕುಗಳ ಆರೋಗ್ಯ ನೋಡುವುದು. ಊರಿನವರು ಆಕೆಯನ್ನು ಡಿಸ್ಕ್ ಡಾಕ್ಟರಬಾಯಿ ಎಂದೇ ಕರೆಯುತ್ತಿದ್ದರು. ತರಕಾರಿ ಕೊಳ್ಳಲು ಹೋದರೆ, "ಬಾಯಾರೇ, ನಮ್ಮದು ಹ್ಯಾಂಗದ? ಆರಾಮದ ಹೌದಿಲ್ಲೋ?" ಎಂದು ಕೇಳುವವರು ಇದ್ದೇ ಇರುತ್ತಿದ್ದರು. ತಮ್ಮ ಡಿಸ್ಕನ್ನು ಅವರು ಆಸ್ಪತ್ರೆಯಲ್ಲಿ ಮಲಗಿದ ನೆಂಟರಂತೆ ವಿಚಾರಿಸುತ್ತಿದ್ದರು.

ಜನರ ಫೋಟೋ, ವಿಡಿಯೋಗಳನ್ನು ದೂರದ ಕಂಪನಿಗಳು ಇಟ್ಟುಕೊಳ್ಳುವುದು ನಿಂತುಹೋಗಿ ಎಷ್ಟೋ ವರ್ಷವಾಗಿತ್ತು. ಒಂದೊಂದು ಊರೂ ತನ್ನ ನೆನಪನ್ನು ತಾನೇ ಕಾಪಾಡಿಕೊಳ್ಳಬೇಕಾದ ಕಾಲ ಬಂದಿತ್ತು. ಬೀದರಿನವರು ಕೋಟೆಯ ಹಾದಿಯಲ್ಲಿ ಕೆಂಪು ಜಂಬಿಟ್ಟಿಗೆ ಬಂಡೆಯನ್ನು ಕೊರೆದು ಮಾಡಿದ್ದ ಹಳೆಯ ನೆಲಮಾಳಿಗೆಯೊಂದನ್ನು ಆರಿಸಿಕೊಂಡರು. ಅದರಲ್ಲಿ ಮೂಡಣ, ಪಡುವಣ ಎಂದು ಎರಡು ಮಾಳಿಗೆ. ಬೇಸಗೆಯಲ್ಲೂ ಅಲ್ಲಿ ತಂಪು. ಒಂದು ಮನೆಗೆ ಒಂದು ಡಿಸ್ಕ್. ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ಗರಗರ ತಿರುಗುತ್ತವೆ. ಅವುಗಳ ಮೇಲೆ, ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ, ಓದುವ ಮುಳ್ಳು ತೇಲುತ್ತದೆ. ಆ ಡಿಸ್ಕು ತನ್ನ ದಿನಚರಿಯನ್ನು ತಾನೇ ಬರೆದುಕೊಳ್ಳುತ್ತದೆ: ತಟ್ಟೆಯಲ್ಲಿ ಎಷ್ಟು ಜಾಗ ಕೆಟ್ಟಿತು, ಮುಳ್ಳು ಎಷ್ಟು ಸಲ ಗೆರೆ ತಪ್ಪಿತು, ಮೈ ಎಷ್ಟು ಬಿಸಿಯಾಯಿತು. ಆರೋಗ್ಯ ನೋಡುವ ಯಂತ್ರ ದಿನಕ್ಕೊಮ್ಮೆ ಈ ದಿನಚರಿಯನ್ನು ಓದಿ ನೂರಕ್ಕೆ ಇಷ್ಟು ಅಂಕ ಎಂದು ಹೇಳುತ್ತದೆ. ನಲವತ್ತಕ್ಕಿಂತ ಕೆಳಗಿಳಿದರೆ ಮನೆಗೆ ನೋಟೀಸು.

ಆ ವರ್ಷ ಪಡುವಣ ಮಾಳಿಗೆಯ ಆರುನೂರ ನಲವತ್ತು ಡಿಸ್ಕುಗಳೂ ಒಟ್ಟಿಗೇ ಸೊರಗತೊಡಗಿದವು. ದಿನಕ್ಕೆ ಒಂದು ಅಂಕ, ಒಮ್ಮೊಮ್ಮೆ ಒಂದೂವರೆ. ಹೊಸ ಡಿಸ್ಕು ಬೇಕೆಂದರೆ ಅದಕ್ಕೆ ಬೇಕಾದ ಅಯಸ್ಕಾಂತ ಹಳೆಯದರಿಂದಲೇ ಬರಬೇಕು. ಮೂರು ಹಳೆಯದನ್ನು ಪುಡಿಗೆ ಕೊಟ್ಟರೆ ಒಂದು ಹೊಸದು. ಹಾಗಾಗಿ ಮೂರು ಮನೆಗಳಿಗೆ ಸೇರಿ ಒಂದು ಡಿಸ್ಕು. ಪ್ರತಿ ಮನೆಯೂ ತನ್ನ ನೆನಪಿನಲ್ಲಿ ಮೂರರಲ್ಲಿ ಒಂದು ಪಾಲನ್ನು ಆರಿಸಿಕೊಂಡು ಉಳಿದದ್ದನ್ನು ಬಿಟ್ಟುಕೊಡಬೇಕು. ಮೊದಲು ನಲವತ್ತಕ್ಕಿಂತ ಕೆಳಗಿಳಿದ ಹನ್ನೊಂದು ಮನೆಗಳ ಡಿಸ್ಕುಗಳು ಆಗಲೇ ಪುಡಿಯಾಗಿದ್ದವು. ಬರುವ ಶುಕ್ರವಾರ ಲಾರಿ ಮತ್ತೆ ಬರುವುದಿತ್ತು, ಈ ಸಲ ಮಿಕ್ಕ ಎಲ್ಲಕ್ಕೂ.

ಕಣಜದ ಕಿಟಕಿಯ ಮುಂದೆ ಬೆಳಿಗ್ಗೆಯಿಂದ ಸಾಲು. ಒಬ್ಬ ಅಜ್ಜಿ ನೋಟೀಸನ್ನು ಮಹಾನಂದಾಳ ಕೈಗಿಟ್ಟು ಹೇಳಿದಳು:

"ನನಗ ನಾಲ್ಕು ಮಂದಿ ಮೊಮ್ಮಕ್ಕಳವ್ವಾ. ಮೂರರಾಗ ಒಂದು ಪಾಲು ಅಂದ್ರ ಒಬ್ಬ ಪೂರಾ ಮೊಮ್ಮಗ, ಮತ್ತೊಬ್ಬನ ಬರೇ ತಲಿ ಉಳೀತದ. ಯಾರ ತಲಿ ಇಟ್ಕೋಲಿ ನೀನೇ ಹೇಳು."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಜ್ಜಿ ನಗಲಿಲ್ಲ. ಮಹಾನಂದಾಳಿಗೂ ನಗು ಬರಲಿಲ್ಲ. ಅಂದಿನ ಪಟ್ಟಿಯ ಕೊನೆಯಲ್ಲಿ ತನ್ನ ಮನೆಯ ಹೆಸರನ್ನೂ ಆಕೆ ಓದಿಕೊಂಡಿದ್ದಳು. ಅಂಕ ಮೂವತ್ತೇಳು.

ಆರಿಸಿಕೊಳ್ಳಲೆಂದು ಡಿಸ್ಕನ್ನು ಮೂರು ದಿನ ಮನೆಗೆ ಒಯ್ಯಲು ಅವಕಾಶವಿತ್ತು. ಮಹಾನಂದಾ ತಮ್ಮ ಡಿಸ್ಕನ್ನು ಶನಿವಾರ ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಅಡುಗೆಮನೆಯ ಕಟ್ಟೆಯ ಮೇಲೆ, ಜೋಳದ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿಟ್ಟು ಪರದೆಗೆ ಜೋಡಿಸಿದಳು. ಕೈ ಸುಮ್ಮನಿರದೆ ಆರೋಗ್ಯ ನೋಡುವ ಯಂತ್ರವನ್ನೂ ಹಚ್ಚಿಟ್ಟಳು.

ಗಂಡ ಸೂರ್ಯಕಾಂತ ಪ್ರೌಢಶಾಲೆಯ ದೈಹಿಕ ಶಿಕ್ಷಕ. ಇಪ್ಪತ್ತು ವರ್ಷದ ಕಬಡ್ಡಿ ಪಂದ್ಯಗಳು ಅದರಲ್ಲಿದ್ದವು.

"ಇವನ್ನ ಬಿಟ್ಟು ಬ್ಯಾರೇ ಏನ್ ಬೇಕಾದ್ರೂ ತೆಗೀರಿ," ಎಂದು ಆತ ಪೀಠಿಕೆಯಲ್ಲೇ ಹೇಳಿದ.

"ನಿನ್ನ ಕಬಡ್ಡಿಗೇ ಅರ್ಧ ಡಿಸ್ಕ್ ಹೋಗ್ಯಾದ. ಸೋತಿದ್ದನ್ನಾದ್ರೂ ತೆಗಿಯೋ," ಅತ್ತೆ ವಿಮಲಾಬಾಯಿ ಅಂದರು.

"ಸೋತಿದ್ದು ತೆಗೆದ್ರ ಏನೂ ಉಳಿಯಲ್ಲವ್ವಾ."

ವಿಮಲಾಬಾಯಿಗೆ ತೆಗೆಯಲೇಬೇಕೆನಿಸಿದ್ದು ಒಂದೇ ಒಂದು ವಿಡಿಯೋ. ಐವತ್ತನೆಯ ವಯಸ್ಸಿನಲ್ಲಿ ಅವರು ಸ್ಕೂಟರ್ ಕಲಿಯಲು ಹೋಗಿ ಪಪ್ಪಾಯಿ ಗಿಡವನ್ನು ತಬ್ಬಿಕೊಂಡದ್ದು. ಅದನ್ನು ತೆಗೆಯಲು ಮಗನೂ ಸೊಸೆಯೂ ಸುತರಾಂ ಒಪ್ಪಲಿಲ್ಲ. ನೋಡಿಯೇ ತೀರ್ಮಾನಿಸೋಣ ಎಂದು ಹಚ್ಚಿದರು. ಗಿಡದಿಂದ ಒಂದು ಹಣ್ಣು ಸಾವಕಾಶವಾಗಿ, ಗುರಿಯಿಟ್ಟಂತೆ, ವಿಮಲಾಬಾಯಿಯ ತಲೆಯ ಮೇಲೆ ಬಿತ್ತು. ಮೂವರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಎಲ್ಲರಿಗಿಂತ ಜಾಸ್ತಿ ವಿಮಲಾಬಾಯಿಯೇ. ಆಮೇಲೆ ಕಣ್ಣೊರೆಸಿಕೊಂಡು, "ಇರ್ಲಿ ಬಿಡ್ರಿ," ಅಂದರು, "ಆ ಮನಿ ಹೋತು, ಆ ಗಿಡ ಹೋತು. ಇದ್ರಾಗಾದ್ರೂ ಇರ್ಲಿ."

ಮೂರು ದಿನ ಹೀಗೆಯೇ ಕಳೆಯಿತು. ತೆಗೆಯಬೇಕೆಂದು ಹಚ್ಚಿದ್ದು ಪ್ರತಿಯೊಂದೂ ಉಳಿಯಿತು. ಮಂಗಳವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತ ಮಹಾನಂದಾ ಯಂತ್ರದ ಕಡೆ ನೋಡಿದಳು. ಅಂಕ ಮೂವತ್ತೇಳು. ಹಿಟ್ಟಿನ ಕೈಯಲ್ಲೇ ಹತ್ತಿರ ಹೋಗಿ ನೋಡಿದಳು. ಮೂವತ್ತೇಳೇ. ಕಣಜದಲ್ಲಿದ್ದರೆ ಈ ಹೊತ್ತಿಗೆ ಮೂವತ್ತನಾಲ್ಕಕ್ಕೆ ಇಳಿದಿರಬೇಕಿತ್ತು. ದಿನಚರಿ ತೆರೆದಳು. ಮೂರು ದಿನದಲ್ಲಿ ಮುಳ್ಳು ಒಂದು ಸಲವೂ ಗೆರೆ ತಪ್ಪಿರಲಿಲ್ಲ. ಇನ್ನೂ ಸೋಜಿಗವೆಂದರೆ, ತಟ್ಟೆಯಲ್ಲಿ ಕೆಟ್ಟ ಜಾಗ ಎಷ್ಟು ಎಂಬಲ್ಲಿ ಸೊನ್ನೆ ಇತ್ತು.

"ಅತ್ತಿ, ಇದು ಇಲ್ಲಿಗಿ ಬಂದ ಮ್ಯಾಲ ಆರಾಮದ!"

"ಮತ್ತ? ತವರಿಗಿ ಬಂದ ಬಾಣಂತಿ ಹಂಗ ಬೆಚ್ಚಗ ಹಿಟ್ಟಿನ ಡಬ್ಬಿಗಿ ಆನ್ಕೊಂಡು ಕುಂತದ," ವಿಮಲಾಬಾಯಿ ರೊಟ್ಟಿ ಹೊರಳಿಸಿದರು.

ಕಣಜದ ಮೇಲ್ವಿಚಾರಕರು ಜಯರಾಜ್ ವೆಸ್ಲಿ. ಒಳ್ಳೆಯವರು, ಆದರೆ ಮೇಲಿನವರಿಗೆ ಉತ್ತರ ಹೇಳಬೇಕಾದವರು. ಮಹಾನಂದಾ ಹೇಳಿದ್ದನ್ನು ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

"ಮಹಾನಂದಾ, ಒಂದು ಡಿಸ್ಕ್ ಮೂರು ದಿವ್ಸ ಸುಮ್ನಿತ್ತಂತ ಆರುನೂರರ ರೋಗ ಸುಳ್ಳಾಗ್ತದೇನು?"

"ಸರ್, ಖರೇ ರೋಗ ಇದ್ರ ತಟ್ಟಿ ಕೆಡಬೇಕು. ನಾ ಈಗಷ್ಟೇ ಎಲ್ಲಾದ್ರದ್ದೂ ತೆಗೆದು ನೋಡೀನಿ. ಒಂದರಾಗೂ ಕೆಟ್ಟ ಜಾಗ ಇಲ್ಲ. ಬರೇ ಮುಳ್ಳು ಗೆರಿ ತಪ್ಪಲತ್ತದ. ಯಂತ್ರ ಅದಕ್ಕೇ ಅಂಕ ಕಡೀಲತ್ತದ."

"ಯಾಕ ತಪ್ಪಲತ್ತದ?"

"ಅದೇ ಗೊತ್ತಿಲ್ಲ. ದಿನಕ್ಕೊಮ್ಮಿ ನೋಡೋದು ಬಿಟ್ಟು ನಿಮಿಷಕ್ಕೊಮ್ಮಿ ನೋಡ್ತೀನಿ. ಇವತ್ತೊಂದು ದಿವ್ಸ ಕೊಡ್ರಿ."

ವೆಸ್ಲಿ ಕ್ಯಾಲೆಂಡರ್ ನೋಡಿದರು, ಆಮೇಲೆ ಆಕೆಯನ್ನು. "ಮಾಡು," ಅಂದರು.

ಸಂಜೆ ಐದರ ಹೊತ್ತಿಗೆ ಗೋಡೆಯ ಪರದೆಯ ಮೇಲೆ ಚಿತ್ರ ಮೂಡಿತ್ತು. ದಿನಕ್ಕೊಮ್ಮೆ ನೋಡಿದಾಗ ಇಳಿಜಾರಿನಂತೆ ಕಾಣುತ್ತಿದ್ದದ್ದು, ನಿಮಿಷಕ್ಕೊಮ್ಮೆ ನೋಡಿದಾಗ ಮೆಟ್ಟಿಲಾಗಿತ್ತು. ಒಂದೂವರೆ ಗಂಟೆ ಏನೂ ಇಲ್ಲ, ಗೆರೆ ನೆಟ್ಟಗೆ. ಅನಂತರ ಏಳು ನಿಮಿಷ ಮುಳ್ಳುಗಳೆಲ್ಲ ತಡವರಿಸುತ್ತವೆ. ಮತ್ತೆ ಒಂದೂವರೆ ಗಂಟೆ ನಿಶ್ಚಿಂತೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಸರಿಯಾಗಿ ತೊಂಬತ್ತೇಳು ನಿಮಿಷ. ಒಂದು ಡಿಸ್ಕಿನಲ್ಲಲ್ಲ, ಎಲ್ಲವುಗಳಲ್ಲೂ ಅದೇ ನಿಮಿಷಕ್ಕೆ.

"ಸರ್," ಮಹಾನಂದಾ ಪರದೆಯ ಮೇಲೆ ಬೆರಳಿಟ್ಟಳು, "ಆರುನೂರು ಮಂದಿಗಿ ಒಂದೇ ಗಳಿಗ್ಯಾಗ ಕೆಮ್ಮು ಬಂದ್ರ ರೋಗ ಮಂದ್ಯಾಗಿಲ್ಲ. ಖೋಲ್ಯಾಗದ."

ಅಲುಗುತ್ತಿರುವುದು ನೆಲ. ಮೂಡಣ ಮಾಳಿಗೆಯ ಕಪಾಟುಗಳು ರಬ್ಬರ್ ಪಾದಗಳ ಮೇಲಿದ್ದವು, ಅಲ್ಲಿನ ಡಿಸ್ಕುಗಳಿಗೆ ಏನೂ ಆಗಿರಲಿಲ್ಲ. ಪಡುವಣದವನ್ನು ನೇರ ಬಂಡೆಗೇ ಬಿಗಿದಿದ್ದರು. ಆಕೆ ಆಗಲೇ ಹೊರಟು ಪಂಕ್ಚರ್ ಅಂಗಡಿಯಿಂದ ಹಳೆಯ ಸೈಕಲ್ ಟ್ಯೂಬುಗಳನ್ನು ಹೊತ್ತು ತಂದಳು. ಕಾವಲುಗಾರರ ಕೈಯಲ್ಲಿ ಒಂದು ಕಪಾಟನ್ನು ಎತ್ತಿಸಿ, ಟ್ಯೂಬನ್ನು ಮಡಿಸಿ ಅದರ ಕಾಲುಗಳಡಿ ಕೊಟ್ಟಳು. ಮುಂದಿನ ಏಳು ನಿಮಿಷ ಬಂದಾಗ ಆ ಕಪಾಟಿನ ಮೂವತ್ತೆರಡು ಡಿಸ್ಕುಗಳು ನಿದ್ದೆಹೋದ ಕೂಸುಗಳಂತೆ ತಣ್ಣಗಿದ್ದವು.

ವೆಸ್ಲಿ ಚಪ್ಪಾಳೆ ತಟ್ಟಿದರು. ಮರುಕ್ಷಣ ಮುಖ ಇಳಿಬಿಟ್ಟರು. "ಆದ್ರ ಲಾರಿ ನಿಲ್ಲಸ್ಬೇಕಂದ್ರ ಕಾರಣ ಬರೀಬೇಕಲ್ಲ. ನೆಲ ಅಲಗ್ತದ ಅಂತ ಬರದ್ರ, ಮಾಳಿಗಿನೇ ಖಾಲಿ ಮಾಡ್ರಿ ಅಂತಾರ. ಏನ್ ಅಲಗಸ್ಲತ್ತದ, ಅದು ಹೇಳು."

ತೊಂಬತ್ತೇಳು ನಿಮಿಷಕ್ಕೊಮ್ಮೆ, ಹಗಲೂ ಇರುಳೂ, ತಪ್ಪದೆ ಬರುವುದು ಯಾವುದು? ರೈಲಲ್ಲ. ಕಲ್ಲಿನ ಕ್ವಾರಿಯಲ್ಲ, ಕ್ವಾರಿಗೆ ಭಾನುವಾರ ರಜೆ. ಬುಧವಾರ ಮಧ್ಯಾಹ್ನದವರೆಗೂ ಮಹಾನಂದಾ ಊರಿನ ಮೋಟರು, ಗಿರಣಿ, ಪಂಪುಗಳನ್ನೆಲ್ಲ ವಿಚಾರಿಸಿ ಸೋತಳು.

ಅಷ್ಟರಲ್ಲಿ ಕಿಟಕಿಗೆ ಖಲೀಲ್ ಸಾಬ್ ಬಂದರು. ಎಪ್ಪತ್ತು ದಾಟಿದ ಮನುಷ್ಯ, ನಲವತ್ತು ವರ್ಷ ಬೋರ್‌ವೆಲ್ ಕೊರೆದು ನಿವೃತ್ತರಾದವರು. ಅವರಿಗೂ ನೋಟೀಸು ಹೋಗಿತ್ತು.

"ಆರಿಸ್ಕೊಂಡೀರೇನ್ರೀ ಚಾಚಾ?"

"ಇಲ್ಲ ಬೇಟಿ. ಎಲ್ಲಾ ನೋಡ್ದೆ. ಯಾವ್ದು ಬ್ಯಾಡ ಅಂತ ಹೇಳ್ಲಿಕ್ಕ ಬಾಯೇ ಬರ್ಲಿಲ್ಲ. ಹಂಗೇ ವಾಪಸ್ ತಂದೀನಿ."

ಆಕೆಗೆ ಏನೋ ಹೊಳೆಯಿತು. "ಚಾಚಾ, ನೆಲದ ಸಪ್ಪಳ ನಿಮಗ ತಿಳೀತದಲ್ಲ? ಒಂದು ಘಳಿಗಿ ಒಳಗ ಬರ್ತೀರೇನು?"

ಖಲೀಲ್ ಸಾಬ್ ಚಪ್ಪಲಿ ಬಿಟ್ಟು ಮಾಳಿಗೆಗಿಳಿದರು. ಪರದೆಯ ಮೇಲಿನ ಮೆಟ್ಟಿಲುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪಡುವಣ ಗೋಡೆಯ ಬುಡದಲ್ಲಿ ಮೆಲ್ಲಗೆ ಕುಳಿತು, ಪಕ್ಕಕ್ಕೆ ಒರಗಿ, ಬಂಡೆಗೆ ಕಿವಿಯಿಟ್ಟರು. ಮಹಾನಂದಾ ಗಡಿಯಾರ ನೋಡುತ್ತ ನಿಂತಳು. ಮೂರು ಗಂಟೆ ಹದಿನಾಲ್ಕು ನಿಮಿಷಕ್ಕೆ ಮುದುಕರ ಹುಬ್ಬು ಮೇಲೇರಿತು. ಕಣ್ಣು ಮುಚ್ಚಿದರು. ಏಳು ನಿಮಿಷ ಉಸಿರು ಬಿಗಿಹಿಡಿದವರಂತೆ ಇದ್ದರು. ಕಣ್ಣು ತೆರೆದಾಗ ಅವು ಹೊಳೆಯುತ್ತಿದ್ದವು.

"ವಸುದೇವನ ಬಟ್ಟಲ ನೋಡೀಯೇನು ಬೇಟಿ? ನಮ್ಮ ಬಾಜೂ ಮನಿ ಕುಲಕರ್ಣ್ಯಾರ ಕಡಿ ಇತ್ತು. ನಡುವ ವಸುದೇವ, ತಲಿ ಮ್ಯಾಲ ಬುಟ್ಟ್ಯಾಗ ಕೃಷ್ಣ. ನೀರು ಹಾಕ್ಕೋತ ಹೋದ್ರ ತುಂಬ್ತದ, ತುಂಬ್ತದ, ತುಂಬ್ತದ. ಕೃಷ್ಣನ ಕಾಲಿಗಿ ಮುಟ್ಟಿತೋ, ಗಟಗಟಗಟ ಅಂತ ಪೂರಾ ಬಟ್ಟಲ ಖಾಲಿ!"

"ಒಳಗ ಬಗ್ಗಿದ ನಳಗಿ ಇರ್ತದ," ಮಹಾನಂದಾ ಅಂದಳು. "ನೀರು ಆ ಬಗ್ಗಿದ ಜಾಗ ದಾಟಿತಂದ್ರ, ಮುಂದಿಂದು ಹಿಂದಿಂದನ್ನ ಎಳ್ಕೊಂಡು ಹೋಗ್ತದ." ಹೇಳುತ್ತ ಹೇಳುತ್ತಲೇ ಆಕೆಯ ಬಾಯಿ ತೆರೆದಂತೆ ಉಳಿಯಿತು. "ಚಾಚಾ... ನೀರು?"

"ನೀರು! ಇದು ಹಳೇ ಕರೇಜ್ ಊರು. ಬಾದಶಾಹರ ಕಾಲದಾಗ ನೆಲದ ಬುಡಕ ಸುರಂಗ ಹೊಡದು ನೀರು ತರ್ತಿದ್ರು. ಅದ್ರ ಒಂದು ಟಿಸಿಲು ಈ ಗ್ವಾಡಿ ಹಿಂದ ಹೋಗ್ಯಾದ, ಎಲ್ಲೋ ಕುಸದು ಅರ್ಧ ಮುಚ್ಚ್ಯಾದ. ಹೋದ ವರ್ಷ ಊರ ಹೊರಗಿನ ಕೆರಿ ಹೂಳು ತೆಗಿಲಿಲ್ಲೇನು? ಆ ನೀರು ಹಾದಿ ಹುಡುಕ್ಕೊಂಡು ಬಂದದ. ಕುಸದ ಕಲ್ಲಿನ ಹಿಂದ ತುಂಬ್ಲಿಕ್ಕ ತೊಂಬತ್ತು ನಿಮಿಷ, ಸಂದಿನಾಗಿಂದ ಗಟಗಟ ಖಾಲಿ ಆಗ್ಲಿಕ್ಕ ಏಳು ನಿಮಿಷ. ನೆಲ ಅಲಗ್ತದ, ನಿನ್ನ ಡಿಸ್ಕುಗೋಳು ಬೆಚ್ಚಿ ಬೀಳ್ತಾವ. ರೋಗ ಅಲ್ಲ ಬೇಟಿ. ನೀರು ಬಾಗ್ಲ ಬಡೀಲತ್ತದ!"

ಮಹಾನಂದಾ ಆ ಮುದುಕರ ಎರಡೂ ಕೈ ಹಿಡಿದುಕೊಂಡು ಚಿಕ್ಕ ಹುಡುಗಿಯಂತೆ ಕುಣಿದುಬಿಟ್ಟಳು.

ಕಣಜದ ಹಿತ್ತಲಿನಲ್ಲಿ ಯಾವ ಕಾಲದಲ್ಲೋ ಚಪ್ಪಡಿ ಹಾಕಿ ಮುಚ್ಚಿದ ಬಾವಿಯೊಂದಿತ್ತು. ಗುರುವಾರ ಬೆಳಿಗ್ಗೆ ವೆಸ್ಲಿಯವರೇ ಅನುಮತಿ ಕಾಗದ ಹಿಡಿದು ನಿಂತು ಚಪ್ಪಡಿ ಎತ್ತಿಸಿದರು. ಕೆಲಸದವರು ಹಗ್ಗ ಕಟ್ಟಿಕೊಂಡು ಇಳಿದರು. ಇಪ್ಪತ್ತೆರಡು ಅಡಿ ಕೆಳಗೆ, ಮೂಡಣ ಮಗ್ಗುಲಲ್ಲಿ ಸುರಂಗದ ಬಾಯಿ, ಅದಕ್ಕಡ್ಡವಾಗಿ ಕುಸಿದ ಕಲ್ಲುಗಳ ರಾಶಿ. ಮೇಲಿನಿಂದ ಮಹಾನಂದಾ ಗಡಿಯಾರ ನೋಡಿ ಕೂಗುತ್ತಿದ್ದಳು: "ಇನ್ನಾ ಅರ್ಧ ತಾಸದ, ಎಳೀರಿ! ಇನ್ನಾ ಹತ್ತು ನಿಮಿಷ, ಮ್ಯಾಲ ಬರ್ರಿ!" ನೀರಿನ ವೇಳಾಪಟ್ಟಿ ಆಕೆಯ ಕೈಯಲ್ಲಿತ್ತು. ಆರುನೂರು ಡಿಸ್ಕುಗಳು ಹಗಲಿರುಳೂ ಬರೆದಿಟ್ಟ ವೇಳಾಪಟ್ಟಿ ಅದು.

ಎರಡನೆಯ ಸುತ್ತಿನಲ್ಲಿ ದೊಡ್ಡ ಕಲ್ಲಿಗೆ ಸರಪಳಿ ಬಿಗಿದು ಎಲ್ಲರೂ ಮೇಲೆ ಬಂದರು. ವೆಸ್ಲಿ, ಸೂರ್ಯಕಾಂತ, ಅವನ ಕಬಡ್ಡಿ ತಂಡ, ಸಾಲಿನಲ್ಲಿ ನಿಲ್ಲಲು ಬಂದಿದ್ದ ಊರ ಮಂದಿ, ಸಿಕ್ಕ ಸಿಕ್ಕವರೆಲ್ಲ ಸರಪಳಿ ಹಿಡಿದು ಜಗ್ಗಿದರು. ಕಲ್ಲು ಕಿತ್ತು ಬಂತು. ಹನ್ನೊಂದೂ ಐದಕ್ಕೆ ಒಳಗಿನಿಂದ ಮೊದಲು ಗೊರಗೊರ ಸದ್ದು, ಬೆನ್ನಿಗೇ ಕೆಂಪು ಕೆಸರು, ಆಮೇಲೆ ನೀರು. ಅರ್ಧ ತಾಸಿನಲ್ಲಿ ಅದು ತಿಳಿಯಾಯಿತು. ನಿಲ್ಲಲಿಲ್ಲ. ಏಳು ನಿಮಿಷ ದಾಟಿತು, ಒಂದು ಗಂಟೆ ದಾಟಿತು, ಗಟಗಟ ಸದ್ದಿಲ್ಲದೆ ಒಂದೇ ಸಮನೆ ಹರಿಯಿತು. ಹತ್ತು ದಿನಕ್ಕೊಮ್ಮೆ ನಳದ ನೀರು ಕಾಣುತ್ತಿದ್ದ ಓಣಿಯವರು ಕೊಡ, ಬಕೆಟ್, ಅಡುಗೆಯ ಪಾತ್ರೆ ಎಲ್ಲ ತಂದರು. ಮೊದಲ ಕೊಡವನ್ನು ಖಲೀಲ್ ಸಾಬ್ ತಲೆಯ ಮೇಲೆ ಸುರಿದವರು ಯಾರೆಂದು ಕಡೆಗೂ ಗೊತ್ತಾಗಲಿಲ್ಲ.

ಮಾಳಿಗೆಯಲ್ಲಿ ಪರದೆಯ ಮೇಲಿನ ಗೆರೆ ನೆಟ್ಟಗೆ ಮಲಗಿತ್ತು. ಮೆಟ್ಟಿಲುಗಳು ಮುಗಿದಿದ್ದವು. ಶುಕ್ರವಾರ ಲಾರಿ ಬಂತು. ಪುಡಿಗೆ ಕೊಡುವ ಡಿಸ್ಕುಗಳಿಲ್ಲ ಎಂದು ಬರೆದುಕೊಟ್ಟರು. ಡ್ರೈವರ್ ಎರಡು ಕ್ಯಾನು ನೀರು ತುಂಬಿಸಿಕೊಂಡು ಖುಷಿಯಿಂದ ಹೋದ.

ಆದರೆ ಹನ್ನೊಂದು ಮನೆಗಳ ಲೆಕ್ಕ ಮಹಾನಂದಾಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಆ ಡಿಸ್ಕುಗಳಿಗೂ ರೋಗವಿರಲಿಲ್ಲ. ಅವುಗಳನ್ನು ಪುಡಿಗೆ ಕಳಿಸುವ ಚೀಟಿಗೆ ಸಹಿ ಹಾಕಿದ್ದು ಆಕೆಯೇ. ಪತ್ರ ಕಳಿಸಿದರಾಯಿತು ಎಂದರು ವೆಸ್ಲಿ. ಆಕೆ ಒಪ್ಪದೆ ಒಂದೊಂದು ಮನೆಗೂ ತಾನೇ ನಡೆದು ಹೋದಳು.

ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ ಬಟ್ಟೆ ಹೊಲಿಯುವ ಮಾಣಿಕಪ್ಪ, ಕಾಶೀಬಾಯಿ ದಂಪತಿ ಇದ್ದರು. ಮಗಳ ಬಾಲ್ಯವನ್ನು ಇಟ್ಟುಕೊಳ್ಳಲು ಅವರು ತಮ್ಮ ಮದುವೆಯನ್ನು ಬಿಟ್ಟುಕೊಟ್ಟಿದ್ದರು.

"ನನ್ನಿಂದ ತಪ್ಪಾತು," ಮಹಾನಂದಾ ನೇರ ಹೇಳಿದಳು. "ಸರಿಯಾಗಿ ನೋಡಿದ್ರ ಉಳೀತಿತ್ತು."

ಕಾಶೀಬಾಯಿ ಸೂಜಿಗೆ ದಾರ ಪೋಣಿಸಿದಳು. "ಹೋಗ್ಲಿ ಬಿಡ್ರಿ. ನೀರಂತೂ ಬಂತಲ್ಲ. ಆ ವಿಡಿಯೋದಾಗ ನನ್ನ ಮಾರಿನೇ ಕಾಣ್ತಿದ್ದಿಲ್ಲ. ಬರೇ ಬಾಸಿಂಗ, ಮತ್ತ ಬಗ್ಗಿದ ತಲಿ."

"ಮದಿವಿಗಿ ಎಷ್ಟು ಮಂದಿ ಬಂದಿದ್ರು?"

"ಓಣಿಗೆ ಓಣಿನೇ ಬಂದಿತ್ತು. ಎಲ್ಲಾರ ಕೈಯಾಗೂ ಫೋನು!" ಹೇಳಿ ಕಾಶೀಬಾಯಿ ತಲೆಯೆತ್ತಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಮರುದಿನ ಕಣಜದ ಬಾಗಿಲಲ್ಲಿ ಹಲಗೆಯೊಂದು ನಿಂತಿತು. ಹನ್ನೊಂದು ಮನೆಗಳ ಹೆಸರು. ಮದುವೆ, ನಾಮಕರಣ, ಗೃಹಪ್ರವೇಶದ ತಾರೀಖುಗಳು. 'ನಿಮ್ಮ ಡಿಸ್ಕಿನಲ್ಲಿ ಇವರು ಇರಬಹುದು. ಹುಡುಕಲು ಒಪ್ಪಿಗೆ ಕೊಡುವಿರಾ?' ಹೊಸ ನೀರಿಗೆ ಕೊಡ ಹಿಡಿದು ಬಂದವರೆಲ್ಲ ಅದನ್ನು ಓದಿದರು, ಕೊಡ ಕೆಳಗಿಟ್ಟು ಸಹಿ ಹಾಕಿದರು. ನಾಲ್ಕು ಮೊಮ್ಮಕ್ಕಳ ಅಜ್ಜಿಯೇ ಮೊದಲು ಹೆಬ್ಬೆಟ್ಟು ಒತ್ತಿದ್ದು. ವಾರ ಕಳೆಯುವುದರೊಳಗೆ ನಾನೂರು ಮನೆಗಳು ಒಪ್ಪಿದವು. ಮಹಾನಂದಾ ಡಿಸ್ಕುಗಳ ಆರೋಗ್ಯ ನೋಡುವುದನ್ನು ಬದಿಗಿಟ್ಟು, ತಾರೀಖು ಹಚ್ಚಿ, ಮುಖ ಹಚ್ಚಿ ಹುಡುಕಿದಳು. ಎಲ್ಲವೂ ಸಿಗಲಿಲ್ಲ. ಒಂದು ಕೂಸು ಮೊದಲ ಹೆಜ್ಜೆ ಇಟ್ಟದ್ದನ್ನು ಅಪ್ಪ ಅವ್ವನ ಹೊರತು ಯಾರೂ ನೋಡಿರಲಿಲ್ಲ, ಅದು ಹೋದದ್ದೇ. ಆದರೆ ಸಿಕ್ಕದ್ದು ಹೋದದ್ದಕ್ಕಿಂತ ಹೆಚ್ಚಿತ್ತು. ಒಂದು ನಾಮಕರಣವಂತೂ ಒಂಬತ್ತು ಕಡೆಯಿಂದ ಸಿಕ್ಕಿತು, ಅದರಲ್ಲಿ ಒಂದು ಊಟದ ಪಂಕ್ತಿಯ ಕೆಳಗೆ ಬಿದ್ದ ಫೋನಿನಿಂದ.

ಭಾನುವಾರ ಮಧ್ಯಾಹ್ನ ಕಣಜದ ಪಡಸಾಲೆಯಲ್ಲಿ ಹನ್ನೊಂದು ಮನೆಯವರೂ ಸೇರಿದರು. ಮಾಣಿಕಪ್ಪ, ಕಾಶೀಬಾಯಿಯರ ಸರದಿ ಬಂತು. ನೆರೆಮನೆಯ ಹುಡುಗಿಯೊಬ್ಬಳು ಹಂದರದ ಹಿಂದೆ ನಿಂತು ತೆಗೆದ ವಿಡಿಯೋ. ಮುಂದೆ ವಾದ್ಯ, ಅಕ್ಷತೆ, ಗದ್ದಲ. ಇಲ್ಲಿ ಹಿಂದೆ, ಜನರ ಕಣ್ಣು ತಪ್ಪಿಸಿ, ಮದುಮಗ ಜೇಬಿನಿಂದ ಒಂದು ಲಾಡು ತೆಗೆದು ಉಪವಾಸವಿದ್ದ ಮದುಮಗಳ ಬಾಯಿಗೆ ತುರುಕುತ್ತಾನೆ. ಬಾಸಿಂಗ ಓರೆಯಾಗಿದೆ. ಆಕೆ ಕೆನ್ನೆ ಉಬ್ಬಿಸಿಕೊಂಡು, ತುಟಿ ಮುಚ್ಚಲಾಗದೆ, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಾಳೆ.

ಕಾಶೀಬಾಯಿ ಪರದೆಯ ಹತ್ತಿರ ಹೋಗಿ ನಿಂತಳು. "ಇಕಿ ನಾನೇನು?" ಎಂದಳು. "ಇಷ್ಟು ನಕ್ಕಿದ್ದೆನೇನು ನಾ ಅವತ್ತು?"

"ಹೂಂ," ಅಂದ ಮಾಣಿಕಪ್ಪ ಹಿಂದಿನಿಂದ. "ನನಗ ನೆನಪಿದ್ದದ್ದು ಇದೇ ಮದಿವಿ."